ನೊರೆಗೂಡಿನ ಕಾವಲು

“ಅಮ್ಮಾ, ನನ್ನ ಓದಿನಲ್ಲಿ ಇನ್ನೂ ಏನು ಕಡಿಮೆಯಿದೆ?” ಎಂದು ಭಾರ್ಗವಿ ತನ್ನ ಗುರುಗಳನ್ನು ಕೇಳಿದಳು.

ಅವಳು ಕಾವ್ಯವಾಚನ ಕಲಿಯುತ್ತಿದ್ದವಳು. ಹಳೆಯ ಕಾವ್ಯದ ಪದ್ಯಗಳನ್ನು ರಾಗದಲ್ಲಿ ಬಿಡಿಸಿ, ಅರ್ಥ ಕೆಡದಂತೆ ಓದುವ ವಿದ್ಯೆ ಅದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಕೂಡದು ಎಂಬುದನ್ನು ಕಲಿಯುವುದಕ್ಕೇ ವರ್ಷಗಳು ಬೇಕು. ಲಂಗ ತೊಟ್ಟು ಈ ಮನೆಗೆ ಬಂದಿದ್ದ ಹುಡುಗಿ ಈಗ ಸ್ವತಃ ನಾಲ್ಕು ಜನಕ್ಕೆ ಕಲಿಸಬಲ್ಲ ಹೆಂಗಸಾಗಿದ್ದಳು. ಹೊಳೆಯಾಚೆಯ ಊರಿನ ಮಹಿಳಾ ಸಂಘದವರು ಬಂದು, ತಮ್ಮಲ್ಲಿ ಕಲಿಸುವುದಕ್ಕೆ ಭಾರ್ಗವಿಯನ್ನು ಕಳಿಸಿಕೊಡಿ ಎಂದು ಗುರುಗಳನ್ನು ಕೇಳಿದ್ದರು. “ನೋಡೋಣ, ಇನ್ನೊಂದು ಸಂಧಿ ಮುಗಿಯಲಿ” ಎಂದಿದ್ದರು ಗುರುಗಳು. ಸಂಧಿ ಮುಗಿಯಿತು. ಸಂಘದವರು ಮತ್ತೆ ಬಂದರು. ಗುರುಗಳು ಮತ್ತೆ ಅದನ್ನೇ ಹೇಳಿದರು. ಯುಗಾದಿಯೊಳಗೆ ಉತ್ತರ ಬಾರದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇವೆ ಎಂದು ಈ ಸಲ ಅವರು ಬಾಯಿಬಿಟ್ಟು ಹೇಳಿ ಹೋಗಿದ್ದರು.

ಆದ್ದರಿಂದಲೇ ಭಾರ್ಗವಿ ಕೇಳಿದ್ದು. ಕೇಳಿದ ಮೇಲೆ, ಕೇಳಬಾರದಿತ್ತೇನೋ ಎಂದು ತಲೆ ತಗ್ಗಿಸಿದಳು.

ಗುರುಗಳು ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು.

“ಏನು ಕಡಿಮೆಯಿದೆ ಎಂದು ನಾನೂ ಹುಡುಕುತ್ತಲೇ ಇದ್ದೇನೆ” ಎಂದರು. “ಹೀಗೆ ಹುಡುಕುತ್ತಿದ್ದವನೊಬ್ಬನ ಕತೆಯಿದೆ. ಕೇಳು.”

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕಿಟಕಿಯ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಬಿಳಿಯ ಬಟ್ಟೆ, ಕೈಯಲ್ಲಿ ಚಿಮುಟ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ಅವನಿಗಿದ್ದ ಹೆಮ್ಮೆ ಒಂದೇ. ಅವನ ಮೇಜಿನಿಂದ ಎಳ್ಳುಕಾಳಿನಷ್ಟು ಸ್ಕ್ರೂ ಕೂಡ ಎಂದೂ ಕಳೆದುಹೋಗಿರಲಿಲ್ಲ. ಸಿಡಿದು ಬಿದ್ದದ್ದನ್ನು ಅವನು ಹುಡುಕುತ್ತಿದ್ದ, ಎತ್ತುತ್ತಿದ್ದ, ಮೊದಲು ಎಲ್ಲಿತ್ತೋ ಅಲ್ಲಿಯೇ ಕೂರಿಸುತ್ತಿದ್ದ. “ಬಿದ್ದದ್ದು ಅದರದರ ಜಾಗಕ್ಕೆ ಹೋದರೆ ಗಡಿಯಾರ ತಾನಾಗಿ ನಡೆಯುತ್ತದೆ” ಎನ್ನುತ್ತಿದ್ದ. ಅವನು ಕಲಿತದ್ದೆಲ್ಲ ಆ ಮಾತಿನೊಳಗೆ ಇತ್ತು.

ಆ ಊರಿನಿಂದ ವರ್ಗವಾಗಿ ಹೊರಟಿದ್ದ ಒಬ್ಬ ಅಧಿಕಾರಿ ತನ್ನ ಮೀನಿನ ತೊಟ್ಟಿಯನ್ನು ಹೊತ್ತುಕೊಂಡು ಹೋಗಲಾರದೆ ಅವನಿಗೆ ಕೊಟ್ಟ. ತೊಟ್ಟಿಯ ತುಂಬ ನೀರುಗಿಡ. ಮೇಲೆ ಅಂತರಗಂಗೆ ತೇಲುತ್ತಿತ್ತು. ಒಳಗೆ ಒಂದೇ ಜೋಡಿ ಮೀನು.

“ಇವು ಗೌರಾಮಿ” ಎಂದ ಅಧಿಕಾರಿ. “ಕಿರುಬೆರಳಿಗಿಂತ ಉದ್ದ ಬೆಳೆಯುವುದಿಲ್ಲ. ಸಾಧು ಪ್ರಾಣಿ, ಯಾರ ತಂಟೆಗೂ ಹೋಗುವುದಿಲ್ಲ. ಗಿಡ ದಟ್ಟವಾಗಿರಲಿ, ನೀರು ಅಲುಗಾಡದಿರಲಿ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತವೆ. ಉಸಿರು ಕಟ್ಟಿತೆಂದು ಗಾಬರಿಯಾಗಬೇಡ. ಅವುಗಳ ಹುಟ್ಟುಗುಣವೇ ಹಾಗೆ.”

ರಿಪೇರಿಯವನು ತೊಟ್ಟಿಯನ್ನು ತನ್ನ ಮೇಜಿನ ಪಕ್ಕದಲ್ಲಿಯೇ ಇಟ್ಟುಕೊಂಡ. ಮೊದಮೊದಲು ಕೆಲಸದ ನಡುವೆ ಕಣ್ಣಿಗೆ ವಿಶ್ರಾಂತಿಯೆಂದು ನೋಡುತ್ತಿದ್ದ. ಆಮೇಲೆ ಮೀನಿನ ನಡುವೆ ಕೈಗೆ ವಿಶ್ರಾಂತಿಯೆಂದು ಕೆಲಸ ಮಾಡುವಂತಾಯಿತು. ಆ ಮೀನುಗಳ ಎದೆಯ ಕೆಳಗೆ ದಾರದಂತೆ ಎರಡು ಎಳೆಗಳಿದ್ದವು. ಅವುಗಳಿಂದ ಎಲೆಯನ್ನು ಮುಟ್ಟಿ ನೋಡುತ್ತಿದ್ದವು, ಕಲ್ಲನ್ನು ಮುಟ್ಟಿ ನೋಡುತ್ತಿದ್ದವು, ಒಂದನ್ನೊಂದು ಮುಟ್ಟಿ ನೋಡುತ್ತಿದ್ದವು. ಮುಟ್ಟದೆ ಯಾವುದನ್ನೂ ನಂಬುವುದಿಲ್ಲ ಎಂಬಂತಿತ್ತು. ಅದು ಅವನಿಗೆ ಬಹಳ ಹಿಡಿಸಿತು.

ಒಂದು ಬೆಳಿಗ್ಗೆ ಅಂತರಗಂಗೆಯ ಎಲೆಯಡಿಯಲ್ಲಿ ಬಿಳಿಯ ನೊರೆ ಕಂಡಿತು. ಅವನು ಹೆಂಡತಿಯನ್ನು ಕರೆದ.

“ಸೋಪಿನ ಕೈಯನ್ನು ತೊಟ್ಟಿಗೆ ಅದ್ದಿದೆಯಾ?”

“ನನಗೆ ಬೇರೆ ಕೆಲಸವಿಲ್ಲ ನೋಡಿ. ನಿಮ್ಮ ಮೀನೇ ಬಾಯಿ ಮುಕ್ಕಳಿಸಿರಬೇಕು” ಎಂದಳು ಅವಳು.

ಹಾಸ್ಯಕ್ಕೆ ಅಂದ ಮಾತು ನಿಜವಾಗಿತ್ತು. ಗಂಡು ಮೀನು ಮೇಲೆ ಬಂದು ಗಾಳಿ ಕಚ್ಚಿಕೊಂಡು, ಎಲೆಯಡಿಗೆ ಹೋಗಿ ಒಂದು ಗುಳ್ಳೆ ಬಿಡುತ್ತಿತ್ತು. ಮತ್ತೆ ಬರುತ್ತಿತ್ತು, ಮತ್ತೆ ಬಿಡುತ್ತಿತ್ತು. ಗುಳ್ಳೆಗೆ ಗುಳ್ಳೆ ಅಂಟಿ ಒಂದು ರೂಪಾಯಿಯಗಲದ ಗೂಡಾಯಿತು. ಅದರ ಮೈ ಜೇನುತುಪ್ಪದ ಬಣ್ಣಕ್ಕೆ ತಿರುಗಿತು, ಗಂಟಲಿನ ಕೆಳಗೆ ಮಸಿ ಬಳಿದಂತೆ ಕಪ್ಪಾಯಿತು. ಆಮೇಲೆ ಹೆಣ್ಣು ಬಂತು. ಎರಡೂ ಗೂಡಿನ ಕೆಳಗೆ ಸುತ್ತಿಕೊಂಡವು. ಪುಡಿಯಂಥ ಮೊಟ್ಟೆಗಳು ನೀರಿನಲ್ಲಿ ಚೆದುರಿ ಮೇಲಕ್ಕೆ ತೇಲಿದವು. ಗಂಡು ಒಂದೊಂದನ್ನೂ ಬಾಯಿಂದ ಹೆಕ್ಕಿ ನೊರೆಯೊಳಗೆ ಇಟ್ಟಿತು. ಇಟ್ಟು ಮುಗಿಸಿ ಹೆಣ್ಣನ್ನು ಅಟ್ಟಿಬಿಟ್ಟಿತು. ಹೆಣ್ಣು ಗಿಡದ ಹಿಂದೆ ಒಂದು ಮೂಲೆ ಸೇರಿಕೊಂಡಿತು.

“ನೋಡಿದಿರಾ, ಹೆತ್ತವಳಿಗೆ ಮೂಲೆ” ಎಂದಳು ಹೆಂಡತಿ.

“ಕಾಯುವ ಕೆಲಸಕ್ಕೆ ಒಬ್ಬರೇ ಸಾಕು ಅಂತ ಇರಬಹುದು” ಎಂದ ಅವನು.

ಮೊಟ್ಟೆ ಒಡೆದು ಮರಿಗಳಾದವು. ಬರಿಗಣ್ಣಿಗೆ ಕಾಣುವಂಥವಲ್ಲ. ಅವನು ಭೂತಗನ್ನಡಿ ಸಿಕ್ಕಿಸಿಕೊಂಡು ಗಾಜಿಗೆ ಕಣ್ಣು ಹಚ್ಚಿದ. ನೊರೆಯ ತಳದಿಂದ ಮರಿಗಳು ಬಾಲ ಕೆಳಗೆ ಮಾಡಿ ನೇತಾಡುತ್ತಿದ್ದವು, ಒಂದೊಂದೂ ಒಂದು ಕೂದಲಿನ ತುಂಡಿನಷ್ಟು. ಈಜು ಬಾರದು, ಹಿಡಿತವೂ ಗಟ್ಟಿಯಿಲ್ಲ. ಆಗಾಗ ಒಂದು ಮರಿ ಜಾರಿ ತಳಕ್ಕೆ ಇಳಿಯುತ್ತಿತ್ತು. ತಂದೆ ಮೀನು ಅದರ ಹಿಂದೆಯೇ ಇಳಿಯುತ್ತಿತ್ತು. ಬಾಯಿಗೆ ತೆಗೆದುಕೊಳ್ಳುತ್ತಿತ್ತು. ಮೇಲೆ ಬಂದು ನೊರೆಗೆ ಉಗುಳುತ್ತಿತ್ತು. ಮರಿ ಮತ್ತೆ ಅಲ್ಲಿಯೇ ನೇತಾಡುತ್ತಿತ್ತು, ಏನೂ ಆಗಿಲ್ಲ ಎಂಬಂತೆ.

ರಿಪೇರಿಯವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ.

“ಇವಳೇ, ಬಾ ಇಲ್ಲಿ. ನಮ್ಮ ಕಸುಬಿನವನು ಒಬ್ಬ ಸಿಕ್ಕಿದ್ದಾನೆ” ಎಂದು ಕೂಗಿದ.

ಅಂದಿನಿಂದ ಆ ಮೀನಿನ ಮೇಲೆ ಅವನಿಗೆ ಉಂಟಾದ ಅಭಿಮಾನ ಇಷ್ಟಿಷ್ಟಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದ. ಗಡಿಯಾರ ಕೊಡಲು ಬಂದವರು ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಮೀನು ನೋಡಿ ಹೋಗುವಂತಾಯಿತು. “ನೋಡಿ, ಒಂದನ್ನೂ ಬಿಡುವುದಿಲ್ಲ. ಚಿಮುಟವಿಲ್ಲ, ಭೂತಗನ್ನಡಿಯಿಲ್ಲ. ಬಾಯಿಯೊಂದೇ” ಎನ್ನುತ್ತಿದ್ದ.

ಮರಿಗಳು ಸ್ವಲ್ಪ ಬಲಿತವು. ಬಾಲ ಕೆಳಗೆ ಮಾಡಿ ನೇತಾಡುತ್ತಿದ್ದಂಥವು ಈಗ ಅಡ್ಡಲಾಗಿ ನಿಲ್ಲತೊಡಗಿದವು. ಗೂಡಿನಿಂದ ಗೇಣು ದೂರ ಹೋಗಿ ಬಂದವು. ಒಣಗಿದ ಎಲೆ ನೆನೆಸಿ ಹಸಿರುಗಟ್ಟಿಸಿದ ನೀರನ್ನು ಅವನು ಹನಿಹನಿಯಾಗಿ ಬಿಟ್ಟ. ಕಣ್ಣಿಗೆ ಕಾಣದ ಮರಿಗೆ ಕಣ್ಣಿಗೆ ಕಾಣದ ಆಹಾರ. ಎಲ್ಲವೂ ಸರಿಯಾಗಿಯೇ ಇತ್ತು.

ಆದರೆ ಮರಿಗಳು ಕಡಿಮೆಯಾಗುತ್ತ ಬಂದವು. ಒಂದು ಬೆಳಿಗ್ಗೆ ನೋಡಿದರೆ ತೊಟ್ಟಿ ಖಾಲಿ. ನೊರೆಯೂ ಒಡೆದು ಹೋಗಿತ್ತು. ತಂದೆ ಮೀನು ಮಾತ್ರ ಗೂಡಿದ್ದ ಜಾಗದಲ್ಲಿ ನಿಂತು, ಎಳೆಗಳಿಂದ ನೀರನ್ನು ತಡಕುತ್ತಿತ್ತು.

ರಿಪೇರಿಯವನಿಗೆ ಊಟ ಸೇರಲಿಲ್ಲ. ಮೀನಿನ ಮರಿಗಾಗಿ ಅಳುವಷ್ಟು ಮೆತ್ತಗಿನವನಲ್ಲ ಅವನು. ಆದರೆ ಅವನ ಕಣ್ಣೆದುರಿನಲ್ಲಿ, ಅವನ ಮೇಜಿನ ಪಕ್ಕದಲ್ಲಿ, ಒಂದು ಹಿಡಿ ಜೀವ ಕಳೆದುಹೋಗಿತ್ತು; ಹೇಗೆಂದು ಅವನಿಗೆ ತಿಳಿದಿರಲಿಲ್ಲ. ಕಳೆದದ್ದು ಎಲ್ಲಿ ಹೋಯಿತೆಂದು ಹೇಳಲಾರದವನ ಕೈಗೆ ಜನ ಗಡಿಯಾರ ಕೊಡುವುದು ಹೇಗೆ? ಹಾಗೆಂದು ಯಾರೂ ಕೇಳಲಿಲ್ಲ. ಅವನೇ ಕೇಳಿಕೊಂಡ.

ಮೊದಲ ಅನುಮಾನ ಬಸವನಹುಳುಗಳ ಮೇಲೆ ಬಿತ್ತು. ಗಿಡದ ಜೊತೆಯಲ್ಲಿ ಬಂದು ಗಾಜಿಗೆ ಅಂಟಿಕೊಂಡಿದ್ದ ಹುಳುಗಳು ಅವು. ಚಿಮುಟದಿಂದ ಒಂದೊಂದನ್ನೇ ಎತ್ತಿ ಹೊರಗೆ ಹಾಕಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

“ತೊಟ್ಟಿಯ ನೀರು ಬದಲಾಯಿಸುವಾಗ ನೀನು ತಂಬಿಗೆಯಲ್ಲಿ ಮೊಗೆದು ಚೆಲ್ಲಿದೆಯಲ್ಲ, ಅದರಲ್ಲಿ ಏನಾದರೂ...”

“ಹೂಂ, ನಾನೇ ಕುಡಿದೆ. ಬೇಕಾದರೆ ನನ್ನ ಹೊಟ್ಟೆಗೂ ಭೂತಗನ್ನಡಿ ಇಟ್ಟು ನೋಡಿಬಿಡಿ” ಎಂದಳು. ಆ ದಿನದ ಮಿಕ್ಕ ಹೊತ್ತಿನಲ್ಲಿ ಅವಳು ಮಾತಾಡಿದ್ದು ಪಾತ್ರೆಗಳ ಜೊತೆ ಮಾತ್ರ.

ಭಾರ್ಗವಿಗೆ ತಡೆಯಲಾಗಲಿಲ್ಲ. “ತಾಯಿ ಮೀನೇ ಇರಬೇಕು ಅಮ್ಮಾ. ಮೂಲೆಯಲ್ಲಿ ಕೂತು ಸೇಡು ತೀರಿಸಿಕೊಂಡಿದೆ” ಎಂದಳು.

“ಅವನಿಗೂ ಆಮೇಲೆ ಅದೇ ಹೊಳೆದದ್ದು” ಎಂದು ಗುರುಗಳು ಮುಂದುವರಿಸಿದರು.

ಮತ್ತೆ ನೊರೆಗೂಡು ಎದ್ದಿತು. ಮತ್ತೆ ಮೊಟ್ಟೆಯಾಯಿತು. ಈ ಸಲ ಅವನು ಕಾಯಲಿಲ್ಲ. ಗಂಡು ಹೆಣ್ಣನ್ನು ಅಟ್ಟಿದ ಕೂಡಲೇ ಹೆಣ್ಣನ್ನು ಬಲೆಯಲ್ಲಿ ಎತ್ತಿ ಬೇರೆ ಕಡೆ ಬಿಡಲು ನಿಂತ. ಬೇರೆ ಪಾತ್ರೆ ಎಲ್ಲಿದೆ? ಹೆಂಡತಿ ಗೊಣಗಿಕೊಂಡೇ ಉಪ್ಪಿನಕಾಯಿಗೆಂದು ತೊಳೆದಿಟ್ಟಿದ್ದ ಗಾಜಿನ ಜಾಡಿಯನ್ನು ತಂದು ಕೊಟ್ಟಳು. “ಮಾವಿನಮಿಡಿ ಬರುವುದರೊಳಗೆ ನಿಮ್ಮ ಬಾಣಂತನ ಮುಗಿಯಲಿ” ಎಂದಳು.

ಈಗ ತೊಟ್ಟಿಯಲ್ಲಿ ಹುಳುವಿಲ್ಲ, ಹೆಣ್ಣಿಲ್ಲ. ನೀರು ಮೊಗೆಯುವ ಕೆಲಸವನ್ನೂ ಅವನೇ ವಹಿಸಿಕೊಂಡ, ಅದೂ ಬಟ್ಟೆ ಹಿಡಿದು ಸೋಸಿ. ಮರಿಗಳು ಹುಟ್ಟಿದವು, ನೇತಾಡಿದವು, ಜಾರಿದವು. ತಂದೆ ಒಂದನ್ನೂ ಬಿಡದೆ ಎತ್ತಿ ಇಟ್ಟಿತು. ಮರಿಗಳು ಅಡ್ಡವಾಗಿ ಈಜಿದವು. ಆಮೇಲೆ ಮೊದಲಿನಂತೆಯೇ ಕಡಿಮೆಯಾದವು, ಇಲ್ಲವಾದವು.

ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಈ ಸಲ ಅವಳು ಅಣಕಿಸಲಿಲ್ಲ.

“ಏನ್ರೀ, ಈಗ ತೊಟ್ಟಿಯಲ್ಲಿ ಉಳಿದಿರುವುದು ಯಾರು?”

“ತಂದೆ.”

“ಮತ್ತೆ?”

“ಮತ್ತೆ ಏನು?”

“ಬೇಲಿ ಎದ್ದು ಹೊಲ ಮೇಯಿತು ಅನ್ನುವುದನ್ನು ಕೇಳಿಲ್ಲವೇ?”

“ಅದು ಗಾದೆ. ಇದು ಮೀನು” ಎಂದ ಅವನು. ಅವನ ಧ್ವನಿ ಏರಿತು. “ನೀನು ಕಣ್ಣಾರೆ ನೋಡಿದ್ದೀಯಲ್ಲ, ಎಷ್ಟು ಸಲ ಇಳಿದು ಎಷ್ಟು ಸಲ ಹತ್ತಿದೆ ಅಂತ. ತಿನ್ನುವ ಮನಸ್ಸಿದ್ದಿದ್ದರೆ ಮೊಟ್ಟೆಯಲ್ಲೇ ತಿನ್ನುತ್ತಿತ್ತು. ಬಾಯೊಳಗೆ ಇದ್ದದ್ದನ್ನು ಉಗುಳಿ ಬದುಕಿಸಿದವನ ಮೇಲೆ ಅನುಮಾನವೇ?”

ಅವನ ಮಾತಿನಲ್ಲಿ ನ್ಯಾಯವಿತ್ತು. ಅವನಿಗೂ ತನ್ನ ಮಾತು ಸರಿಯೆಂದೇ ತೋರಿತು. ಆದರೆ ಎಲ್ಲ ಬಿಡಿಭಾಗಗಳೂ ಸರಿಯಿದ್ದು ಗಡಿಯಾರ ನಡೆಯದಿದ್ದಾಗ ಆಗುವಂಥ ಕಸಿವಿಸಿ ಅವನೊಳಗೆ ಉಳಿಯಿತು. ಅಂಥ ಗಡಿಯಾರವನ್ನು ಅವನು ಬಿಚ್ಚುತ್ತಿರಲಿಲ್ಲ. ಮುಚ್ಚಳ ತೆಗೆದಿಟ್ಟು ಸುಮ್ಮನೆ ನೋಡುತ್ತ ಕೂರುತ್ತಿದ್ದ. ಈಗಲೂ ಹಾಗೆಯೇ ಮಾಡಬೇಕೆಂದುಕೊಂಡ.

ಹೆಣ್ಣು ಮೀನು ಜಾಡಿಯಲ್ಲಿ ಮೈ ತುಂಬಿಕೊಂಡ ಮೇಲೆ ತೊಟ್ಟಿಗೆ ಬಿಟ್ಟ. ಮೂರನೆಯ ಗೂಡು ಎದ್ದಿತು. ಮೊಟ್ಟೆಯಾದ ಮೇಲೆ ಹೆಣ್ಣನ್ನು ಹೊರಗೆ ತೆಗೆದ. ಮರಿಗಳು ಅಡ್ಡವಾಗಿ ಈಜಲು ತೊಡಗಿದ ದಿನ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದ. ಭೂತಗನ್ನಡಿ ಸಿಕ್ಕಿಸಿಕೊಂಡ. ಎಲ್ಲ ಮರಿಗಳನ್ನೂ ಒಟ್ಟಿಗೆ ನೋಡಲು ಹೋದರೆ ಯಾವುದೂ ಕಾಣುವುದಿಲ್ಲ ಎಂಬುದು ಕಸುಬಿನಿಂದ ಅವನಿಗೆ ತಿಳಿದಿತ್ತು. ಒಂದು ಮರಿಯನ್ನು ಆರಿಸಿಕೊಂಡ. ಅದರ ಮೇಲೆ ಮಾತ್ರ ಕಣ್ಣಿಟ್ಟ.

ಆ ಮರಿ ಗೂಡಿನಿಂದ ಹೊರಟಿತು. ಜಾರಲಿಲ್ಲ, ಹೊರಟಿತು. ಒಂದು ಎಲೆಯ ಅಂಚಿನವರೆಗೆ ಹೋಗಿ, ಅಲ್ಲಿ ಏನನ್ನೋ ಕುಟುಕಿತು. ತಂದೆ ಕಂಡಿತು. ಬಂದು ಬಾಯಿಗೆ ತೆಗೆದುಕೊಂಡು, ಮೇಲೆ ಹೋಗಿ ನೊರೆಗೆ ಉಗುಳಿತು. ಮರಿ ಮತ್ತೆ ಹೊರಟಿತು. ತಂದೆ ಮತ್ತೆ ತಂದಿತು. ಮರಿ ಇನ್ನೊಂದು ಕಡೆಯಿಂದ ಹೊರಟಿತು. ತಂದೆ ಆ ಕಡೆಯಿಂದಲೂ ತಂದಿತು.

ರಿಪೇರಿಯವನು ಮೊದಲು ಮೆಚ್ಚಿಕೊಂಡ. ಎಷ್ಟು ಸಹನೆ ಎಂದುಕೊಂಡ. ನೋಡುತ್ತ ನೋಡುತ್ತ ಅವನಿಗೆ ಬೇರೆ ಏನೋ ಕಾಣಿಸಿತು. ಮೊದಲು ಮರಿಗಳು ಬೀಳುತ್ತಿದ್ದವು. ಈಗ ಅವು ಬೀಳುತ್ತಿರಲಿಲ್ಲ, ಹೋಗುತ್ತಿದ್ದವು. ಬಿದ್ದದ್ದನ್ನು ಎತ್ತುವ ಮೀನಿಗೆ ಎರಡೂ ಒಂದೇ. ಗೂಡಿನಲ್ಲಿ ಇಲ್ಲದ್ದೆಲ್ಲ ಅದರ ಪಾಲಿಗೆ ಬಿದ್ದದ್ದು.

ಅಷ್ಟರಲ್ಲಿ ತಂದೆ ಆ ಮರಿಯನ್ನು ಇನ್ನೊಮ್ಮೆ ಬಾಯಿಗೆ ತೆಗೆದುಕೊಂಡಿತು. ಎಂದಿನಂತೆ ಮೇಲೆ ಬಂತು. ಎಂದಿನಂತೆ ನೊರೆಯ ಕೆಳಗೆ ನಿಂತಿತು. ಎಂದಿನಂತೆ ಬಾಯಿ ತೆರೆಯಿತು.

ಏನೂ ಹೊರಗೆ ಬರಲಿಲ್ಲ.

ಮೀನು ಬಾಯಿ ಮುಚ್ಚಿ ಇನ್ನೊಮ್ಮೆ ತೆರೆಯಿತು. ಬರುತ್ತದೆಂದು ಅದೂ ಕಾಯುತ್ತಿದ್ದಂತಿತ್ತು. ಆಮೇಲೆ ತಿರುಗಿ, ಇನ್ನೊಂದು ಮರಿಯನ್ನು ತರಲು ಹೊರಟಿತು.

ರಿಪೇರಿಯವನು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದ. ಒರೆಸಿದ. ಮತ್ತೆ ಇಟ್ಟು ನೋಡಿದ. ಈ ಸಲ ಅವನು ನೋಡಿದ್ದು ಮರಿಯನ್ನಲ್ಲ, ತಂದೆಯನ್ನು. ಇಷ್ಟು ದಿನ ಅದರ ಬಾಯಿಯನ್ನು ನೋಡಿದ್ದ, ಹೊಟ್ಟೆಯನ್ನು ನೋಡಿರಲಿಲ್ಲ. ಹೊಟ್ಟೆ ಒಳಕ್ಕೆ ಹೋಗಿತ್ತು. ಬೆನ್ನು ಕತ್ತಿಯ ಬೆನ್ನಿನಂತೆ ಎದ್ದಿತ್ತು. ಅವನು ಆಹಾರವೆಂದು ಹಾಕುತ್ತಿದ್ದ ಸೊಳ್ಳೆಮರಿಗಳು ಅದರ ಪಕ್ಕದಲ್ಲಿಯೇ ಹಾದುಹೋಗಿ ತಳ ಸೇರುತ್ತಿದ್ದವು. ಅದು ತಿರುಗಿ ನೋಡುತ್ತಿರಲಿಲ್ಲ. ಗೂಡು ಕಟ್ಟಿದಂದಿನಿಂದ ಅದು ತಿಂದಂತಿರಲಿಲ್ಲ. ಬಾಯಿಯನ್ನು ಪೂರ್ತಿ ಮರಿಗಳಿಗೇ ಕೊಟ್ಟಿತ್ತು.

“ಇವಳೇ” ಎಂದು ಅವನು ಮೆಲ್ಲಗೆ ಕರೆದ. “ಬೇಲಿ ಬೇಕೆಂದು ಹೊಲ ಮೇಯಲಿಲ್ಲ ಕಣೇ. ಬೇಲಿ ತಾನೇ ಒಣಗಿಹೋಗಿದೆ.”

ಅವಳು ಬಗ್ಗಿ ನೋಡಿದಳು. “ಅಯ್ಯೋ ಪಾಪ” ಎಂದಳು. ಆಮೇಲೆ, “ಜಾಡಿಯಲ್ಲಿ ಹೆಣ್ಣಿದೆಯಲ್ಲ, ಇದನ್ನು ಎಲ್ಲಿ ಬಿಡುತ್ತೀರಿ? ತಾಳಿ” ಎಂದು ಒಳಗೆ ಹೋಗಿ, ಕೇಳದೆಯೇ ಎರಡನೆಯ ಜಾಡಿಯನ್ನು ತಂದಳು.

ಅವನು ತಂದೆಯನ್ನು ಬಲೆಯಲ್ಲಿ ಎತ್ತಿದ. ಅದು ಸಾಧು ಮೀನು, ಎಂದೂ ಯಾರನ್ನೂ ಕಚ್ಚಿದ್ದಿಲ್ಲ. ಆದರೆ ಬಲೆಯಲ್ಲಿ ಅದು ಹೊಡೆದುಕೊಂಡ ರೀತಿಗೆ ಅವನು ಇನ್ನೊಂದು ಕೈಯಿಂದ ಬಲೆಯ ಬಾಯಿ ಮುಚ್ಚಬೇಕಾಯಿತು. ತಾನು ಮಾಡುತ್ತಿರುವುದು ದ್ರೋಹವೋ ಉಪಕಾರವೋ ಆ ಗಳಿಗೆಯಲ್ಲಿ ಅವನಿಗೇ ತಿಳಿಯಲಿಲ್ಲ. ಜಾಡಿಗೆ ಬಿಟ್ಟ ಮೇಲೆ ಅದು ಗಾಜಿನ ಉದ್ದಕ್ಕೂ ಓಡಾಡಿತು. ತಳಕ್ಕೆ ಇಳಿದು ಹುಡುಕಿತು. ಮೇಲೆ ಬಂದು, ಯಾರೂ ಇಲ್ಲದ ನೀರಿನ ಮೇಲೆ ಒಂದು ಗುಳ್ಳೆ ಬಿಟ್ಟಿತು. ಇನ್ನೊಂದು ಬಿಟ್ಟಿತು. ಹೆಂಡತಿ ಸೊಳ್ಳೆಮರಿಗಳನ್ನು ತಂದು ಹಾಕಿದಳು. ಬಹಳ ಹೊತ್ತು ಅದು ಅವುಗಳನ್ನು ಎಳೆಗಳಿಂದ ಮುಟ್ಟಿ ನೋಡುತ್ತಲೇ ಇತ್ತು. ಆಮೇಲೆ ಒಂದನ್ನು ಬಾಯಿಗೆ ತೆಗೆದುಕೊಂಡಿತು. ಉಗುಳಿತು. ಮತ್ತೆ ತೆಗೆದುಕೊಂಡಿತು. ಈ ಸಲ ನುಂಗಿತು. ಅಲ್ಲಿಂದ ಮುಂದೆ ಅದು ತಿಂದದ್ದನ್ನು ನೋಡಲಾರದೆ ಅವಳು ಮುಖ ತಿರುಗಿಸಿದಳು. ಹಸಿವೆಂದರೆ ಅಂಥ ಹಸಿವು.

ಇತ್ತ ತೊಟ್ಟಿಯಲ್ಲಿ ಮರಿಗಳು ದಿಕ್ಕಿಲ್ಲದೆ ಚೆದುರಿದವು. ಒಂದು ಗಿಡದ ಸಂದಿಯಲ್ಲಿ ಸಿಕ್ಕಿಕೊಂಡಿತು. ಒಂದು ತಳಕ್ಕೆ ಹೋಗಿ ಮೇಲೇಳಲಿಲ್ಲ. ರಿಪೇರಿಯವನ ಕೈ ಚಿಮುಟದ ಕಡೆಗೆ ಹೋಯಿತು. ಬಿದ್ದದ್ದು ಎದುರಿಗೇ ಇದೆ, ಎತ್ತಿ ಇಡುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಆದರೆ ಎಲ್ಲಿ ಇಡುವುದು? ನೊರೆ ಒಡೆದು ಹೋಗಿತ್ತು. ಇಡಬೇಕಾದ ಜಾಗವೇ ಇರಲಿಲ್ಲ. ಅವನು ಚಿಮುಟವನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದ. ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಕುಳಿತ. ಅಷ್ಟು ಕಷ್ಟದ ಕೆಲಸವನ್ನು ತಾನು ಎಂದೂ ಮಾಡಿರಲಿಲ್ಲ ಎಂದು ಆಮೇಲೆ ಹೆಂಡತಿಗೆ ಹೇಳಿದನಂತೆ.

ಕೆಲವು ಮರಿಗಳು ಹೋದವು. ಉಳಿದವು ಉಳಿದವು. ಉಳಿದವಕ್ಕೆ ಮೈ ಬಂತು, ಎದೆಯ ಕೆಳಗೆ ಎರಡು ಎಳೆ ಮೂಡಿದವು. ಒಂದು ದಿನ ಅವನು ನೋಡುತ್ತಿದ್ದಂತೆ ಅಕ್ಕಿಕಾಳಿನಷ್ಟಾಗಿದ್ದ ಒಂದು ಮರಿ ತೊಟ್ಟಿಯ ನಡುವಿನಿಂದ ಹೊರಟು, ನೆಟ್ಟಗೆ ಮೇಲಕ್ಕೆ ಬಂತು. ಅದನ್ನು ಯಾರೂ ಬಾಯಲ್ಲಿ ಹಿಡಿದು ತಂದಿರಲಿಲ್ಲ. ಮೇಲೆ ಬಂದು, ನೀರನ್ನು ಸೀಳಿ, ತನ್ನ ಮೊದಲ ಗುಟುಕು ಗಾಳಿಯನ್ನು ಕುಡಿದು ಕೆಳಗಿಳಿಯಿತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಭಾರ್ಗವಿ ಆ ಕತೆಯಲ್ಲಿಯೇ ಇದ್ದಳು. ಅವಳ ಪ್ರಶ್ನೆ ಅವಳಿಗೇ ಮರೆತಂತಿತ್ತು.

“ಅಮ್ಮಾ, ಒಂದು ಮಾತು” ಎಂದಳು. “ನುಂಗುವಾಗ ಆ ಮೀನಿಗೆ ತಾನು ನುಂಗುತ್ತಿದ್ದೇನೆ ಎಂದು ತಿಳಿಯುತ್ತಿರಲಿಲ್ಲವೇ?”

“ತಿಳಿಯುವುದು ಕಷ್ಟ ಮಗು. ಬಾಯಿ ಅದೇ, ದಾರಿ ಅದೇ. ತನ್ನ ಹಸಿವೇ ಅದಕ್ಕೆ ತಿಳಿದಿರುವುದಿಲ್ಲ, ಕಾಯುತ್ತಿದ್ದೇನೆ ಎಂದೇ ಅದು ಅಂದುಕೊಂಡಿರುತ್ತದೆ.”

ಭಾರ್ಗವಿ ತಲೆಯಾಡಿಸಿದಳು. ಪಾಠಕ್ಕೆ ಹೊತ್ತಾಯಿತೆಂದು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಮುಂದಿನ ಸಂಧಿಯ ಹಾಳೆ ತೆಗೆದಳು. ಓದಲು ಉಸಿರು ತುಂಬಿಕೊಂಡಳು.

ಗುರುಗಳು ತೆರೆದ ಹಾಳೆಯ ಮೇಲೆ ಕೈಯಿಟ್ಟರು.

“ಬೇಡ ತಾಯಿ, ನಾಳೆಯೇ ಹೊಳೆಯಾಚೆಗೆ ಹೊರಡು, ನನಗೆ ಹಸಿವು ತಿಳಿಯುತ್ತಿದೆ.”